ಧಾರವಾಡ, ಬಾದಾಮಿ, ವಿಜಯಪುರ: ಆರು ದಿನ, ನಡುವೆ ಎರಡು ನೆಂಟರ ಮನೆ. ಈ ಪ್ಲಾನ್ ಕೂಡಿ ಬರುತ್ತಾ?

ಕೆಂಗೇರಿ ಕಡೆಯವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆ ವಾರ ನಾನು, ಯಜಮಾನ್ರು ಇಬ್ಬರೇ ಉತ್ತರ ಕರ್ನಾಟಕಕ್ಕೆ ಹೊರಟಿದ್ದೀವಿ. ಅವರಿಗೆ 55, ನನಗೆ 51. ನನಗೆ ಮಂಡಿನೋವು, ಮೆಟ್ಟಿಲು ಜಾಸ್ತಿ ಹತ್ತಕ್ಕಾಗಲ್ಲ. ಧಾರವಾಡದಲ್ಲಿ ನನ್ನ ಸೋದರತ್ತೆ ಮನೆ, ಬಾಗಲಕೋಟೆಯಲ್ಲಿ ಯಜಮಾನ್ರ ದೊಡ್ಡಕ್ಕನ ಮನೆ. ಎರಡೂ ಕಡೆ ಹೋಗದೆ ಬರೋ ಹಾಗಿಲ್ಲ.

ಈಗ ಹಾಕಿಕೊಂಡಿರೋ ಲೆಕ್ಕ ಹೀಗಿದೆ. ಬುಧವಾರ ಬೆಳಿಗ್ಗೆ ವಂದೇ ಭಾರತ್ ಹತ್ತಿ ಧಾರವಾಡ. ಗುರುವಾರ ಧಾರವಾಡ, ಹುಬ್ಬಳ್ಳಿ ಸುತ್ತಾಟ. ಶುಕ್ರವಾರ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಹೊರಟು ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ನೋಡಿ ರಾತ್ರಿಗೆ ಬಾಗಲಕೋಟೆ. ಶನಿವಾರ ಅತ್ತಿಗೆ ಮನೆ. ಭಾನುವಾರ ಕೂಡಲಸಂಗಮ, ಇಳಕಲ್ಲು ಮುಗಿಸಿ ವಿಜಯಪುರ. ಸೋಮವಾರ ಗೋಳಗುಮ್ಮಟ ನೋಡಿ ಸಂಜೆ ರೈಲು.

ಕೇಳಬೇಕಾಗಿರೋದು ಇಷ್ಟು: ಈ ಓಡಾಟ ಆಗುತ್ತಾ? ಹೊರಗಡೆ ಏನು ತಿನ್ನಬೇಕು, ಎಲ್ಲಿ ತಿನ್ನಬೇಕು? ನೆಂಟರ ಮನೆಗೆ ಇಲ್ಲಿಂದ ಏನು ತಗೊಂಡು ಹೋಗೋದು, ಆ ಕಡೆ ರೀತಿ ರಿವಾಜು ಏನಾದ್ರೂ ತಿಳಿದಿರಬೇಕಾ?

---

ತಿರುಗುತಿಪ್ಪ

ಮೇಡಂ, ಬಾಕಿ ಎಲ್ಲ ಸರಿಮಾಡಿಕೊಳ್ಳಬಹುದು, ಶುಕ್ರವಾರ ಮಾತ್ರ ಕೆಟ್ಟಿದೆ.

ಧಾರವಾಡದಿಂದ ಬಾದಾಮಿಗೆ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮೇಲೆ ಮೂರು ಗಂಟೆ ಹಿಡಿಯುತ್ತೆ. ಎಂಟಕ್ಕೆ ಹೊರಟರೂ ಹನ್ನೊಂದಕ್ಕೆ ಗುಹೆಯ ಮೆಟ್ಟಿಲ ಬುಡದಲ್ಲಿ ನೆತ್ತಿ ಸುಡೋ ಬಿಸಿಲಲ್ಲಿ ನಿಂತಿರ್ತೀರಿ. ಅಲ್ಲಿಂದ ಪಟ್ಟದಕಲ್ಲು 22 ಕಿಲೋಮೀಟರ್, ಇನ್ನೂ ಮುಂದೆ ಐಹೊಳೆ. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತೆ, ಟಿಕೆಟ್ ಕೊಡೋದು ಅದಕ್ಕೂ ಮುಂಚೆ ನಿಲ್ಲುತ್ತೆ. ಐಹೊಳೆಯಲ್ಲಿ ದುರ್ಗ ಗುಡಿ ಒಂದರ ಮುಂದೆ ಫೋಟೊ ತೆಗೆಸಿಕೊಂಡು ಓಡಬೇಕಾಗುತ್ತೆ. ಮೇಲಾಗಿ ಶುಕ್ರವಾರ ಬಾದಾಮಿ, ಐಹೊಳೆ, ವಿಜಯಪುರ ಮೂರು ಕಡೆಯೂ ಪುರಾತತ್ವ ಇಲಾಖೆಯ ಮ್ಯೂಸಿಯಂಗೆ ರಜೆ.

ಇನ್ನೊಂದು ಭಯ ರಾತ್ರಿ ದಾರಿಯದ್ದು. ಅದು ಕಬ್ಬು ಕಡಿಯೋ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಬಾಗಲಕೋಟೆ ಜಿಲ್ಲೆಯ ರಸ್ತೆ ತುಂಬ ಇರ್ತವೆ. ಎಷ್ಟೋ ಟ್ರೇಲರ್‌ಗೆ ಹಿಂದೆ ದೀಪವೂ ಇರಲ್ಲ, ರಿಫ್ಲೆಕ್ಟರ್ ಪಟ್ಟಿಯೂ ಇರಲ್ಲ. ಕಬ್ಬಿನ ಗರಿ ಎರಡೂ ಪಕ್ಕ ಮೂರಡಿ ಚಾಚಿಕೊಂಡಿರುತ್ತೆ. ಎದುರು ಗಾಡಿಯ ಬೆಳಕು ಕಣ್ಣಿಗೆ ಹೊಡೆದಾಗ ಮುಂದೆ ಟ್ರೇಲರ್ ಇದೆ ಅನ್ನೋದೇ ಗೊತ್ತಾಗಲ್ಲ. ಡ್ರೈವರ್ ಆ ಕಡೆಯವನೇ ಆದರೂ ಆರೂವರೆ ಆದಮೇಲೆ ದೂರದ ದಾರಿ ಇಟ್ಟುಕೊಳ್ಳಬೇಡಿ. ಹಗಲಲ್ಲೂ ತೊಗರಿ, ಜೋಳದ ರಾಶಿಯನ್ನ ಡಾಂಬರಿನ ಮೇಲೇ ಹರಡಿರ್ತಾರೆ. ತೊಗರಿ ಕಟ್ಟಿಗೆ ಸೈಲೆನ್ಸರಿಗೆ ಸುತ್ತಿಕೊಂಡರೆ ಸುಟ್ಟ ವಾಸನೆ ಬರುತ್ತೆ. ಬಂದ ಕೂಡಲೇ ನಿಲ್ಲಿಸಿ ಎಳೆದು ಹಾಕಿಸಿ.

ನಾನಾದರೆ ಹೀಗೆ ತಿರುಗಿಸ್ತೀನಿ.

ಬುಧವಾರ ಮಧ್ಯಾಹ್ನ ಧಾರವಾಡ. ಸಂಜೆ ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ಕಡೆ ಹೋಗಿ ಕೆರೆ ದಂಡೆಯಲ್ಲಿ ಅರ್ಧ ಗಂಟೆ ಕೂತು ಬನ್ನಿ. ಗುರುವಾರ ಅತ್ತೆ ಮನೆ ಊಟ ಮುಗಿಸಿ ಎರಡೂವರೆಗೆ ಹೊರಟು ಸಂಜೆಯೊಳಗೆ ಬಾದಾಮಿ ಸೇರಿ, ಅಲ್ಲಿ ಎರಡು ರಾತ್ರಿ. ಕ್ರಿಸ್‌ಮಸ್ ರಜೆ ಆಗಿರೋದರಿಂದ ರೂಮು ಈಗಲೇ ಹಿಡಿಯಿರಿ, ಹೋದಮೇಲೆ ಹುಡುಕಿದರೆ ಬಸ್ ಸ್ಟ್ಯಾಂಡ್ ಎದುರಿನ ಗದ್ದಲದ ಲಾಡ್ಜೇ ಗತಿ.

ಶುಕ್ರವಾರ ಬೆಳಕು ಹರಿಯುತ್ತಲೇ ಪಟ್ಟದಕಲ್ಲು. ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಓರೆ ಬಿಸಿಲು ಮುಖಮಂಟಪದ ಕಂಬಗಳ ಮೇಲೆ ಬಿದ್ದಾಗಲೇ ಕೆತ್ತನೆ ಎದ್ದು ಕಾಣೋದು. ಹತ್ತು ಗಂಟೆ ಮೇಲೆ ಹೋದರೆ ಎಲ್ಲ ಚಪ್ಪಟೆ. ಅಲ್ಲಿಂದ ಮಹಾಕೂಟ, ಹನ್ನೆರಡಕ್ಕೆ ಬನಶಂಕರಿ, ಎರಡರಿಂದ ಮೂರೂವರೆ ರೂಮಿನಲ್ಲಿ ಕಾಲು ಚಾಚಿ. ನಾಲ್ಕಕ್ಕೆ ಬಾದಾಮಿ ಗುಹೆಗಳು, ಇಳಿದು ಬಂದು ಅಗಸ್ತ್ಯ ತೀರ್ಥದ ಆಚೆ ತುದಿಯ ಭೂತನಾಥ. ಆ ಗುಡಿಗೆ ಪಡುವಣ ಬೆಳಕು ಬೇಕು, ಹೊತ್ತು ಮುಳುಗೋ ಮುಂಚಿನ ಅರ್ಧ ಗಂಟೆ ಅಲ್ಲಿಗೇ ಮೀಸಲಿಡಿ.

ಶನಿವಾರ ಬೆಳಿಗ್ಗೆ ತೆರೆದ ಕೂಡಲೇ ಬಾದಾಮಿ ಮ್ಯೂಸಿಯಂ (ಲಜ್ಜಾಗೌರಿ ಮೂರ್ತಿ ಇರೋದು ಇಲ್ಲೇ), ಆಮೇಲೆ ಐಹೊಳೆ, ಅಮೀನಗಡ, ಮಧ್ಯಾಹ್ನಕ್ಕೆ ಬಾಗಲಕೋಟೆ. ಇಳಕಲ್ಲು ಕೈಬಿಡಿ. ಹುನಗುಂದ ದಾಟಿ ಹೋಗಿ ಮತ್ತೆ ವಾಪಸ್ ಬರೋ ಅಷ್ಟರಲ್ಲಿ ಅತ್ತಿಗೆ ಮನೆ ಊಟ ರಾತ್ರಿಗೆ ಹೋಗುತ್ತೆ.

ಒಂದೇ ಒಂದು ಸೂತ್ರ ಇಟ್ಟುಕೊಳ್ಳಿ: ನೆಂಟರ ಮನೆ ಊಟ ಇರೋ ಹೊತ್ತಿನಲ್ಲಿ ಯಾವ ಗುಡಿಯನ್ನೂ ತುರುಕಬೇಡಿ. ಆ ಕಡೆ ಊಟ ಅಂದರೆ ಕೂತು ಏಳೋದಕ್ಕೇ ಎರಡು ಗಂಟೆ, ಎದ್ದಮೇಲೆ ಬಿಸಿಲಲ್ಲಿ ನಡೆಯೋ ಶಕ್ತಿ ಯಾರಿಗೂ ಇರಲ್ಲ.

ಟಿಕೆಟ್ ವಿಷಯ: ಗೇಟಿನ ಹತ್ತಿರ ಕ್ಯೂಆರ್ ಕೋಡ್ ಇರುತ್ತೆ, ಆನ್‌ಲೈನ್‌ನಲ್ಲಿ ತಲೆಗೆ ಐದು ರೂಪಾಯಿ ಕಮ್ಮಿ. ನೆಟ್‌ವರ್ಕ್ ಅಲ್ಲಿ ಆಟ ಆಡಿಸುತ್ತೆ, ಹಿಂದಿನ ರಾತ್ರಿ ರೂಮಿನಲ್ಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

---

ಖಡಕ್ ರೊಟ್ಟಿ

ಅಕ್ಕಾರ, ತಿರುಗೂದು ಅವ್ರು ಹೇಳ್ಯಾರ, ತಿನ್ನೂದು ನಾ ಹೇಳ್ತೀನಿ.

ಹುಬ್ಬಳ್ಳಿ ಬಿಟ್ಟು ಮುಂದ ಹೋದ್ರ ಬೋರ್ಡ್‌ನ್ಯಾಗ 'ಖಾನಾವಳಿ' ಅಂತ ಇದ್ದಲ್ಲೇ ಊಟಕ್ಕ ಕುಂದ್ರಿ. ಹೋಟೆಲ್ ಅಂತ ಇದ್ದಲ್ಲಿ ನಾಷ್ಟಾ, ಚಹಾ ಅಷ್ಟ. ಖಾನಾವಳಿ ತಾಟಿನ್ಯಾಗ ಬಿಸಿ ರೊಟ್ಟಿ ಇಲ್ಲಾ ಖಡಕ್ ರೊಟ್ಟಿ, ಒಂದು ಕಾಳು ಪಲ್ಯಾ, ಒಂದು ಎಣ್ಣಿಗಾಯಿ ಇಲ್ಲಾ ಝುಣಕ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ಕಡೀಕ ಅನ್ನ ಸಾರು. ಕುಂದ್ರೂಕಿಂತ ಮೊದ್ಲ 'ರೊಟ್ಟಿ ಬಿಸಿ ಅದಾವೇನ್ರಿ' ಅಂತ ಕೇಳ್ರಿ. ಹನ್ನೆರಡೂವರಿಯಿಂದ ಎರಡರ ತನಕ ಬಡಿಯೂದು ನಡದಿರ್ತದ. ಮೂರು ಹೊಡದ ಮ್ಯಾಲೆ ಹೋದ್ರ ಬಡದಿಟ್ಟ ರೊಟ್ಟಿ ಬರ್ತಾವ, ಅವು ಅತ್ಲಾಗ ಮೆತ್ತಗೂ ಅಲ್ಲ, ಇತ್ಲಾಗ ಖಡಕ್ಕೂ ಅಲ್ಲ, ಚರ್ಮಾ ತಿಂದಂಗ.

ಬನಶಂಕರಿಗೆ ಹೊಟ್ಟಿ ಹಸಗೊಂಡ ಹೋಗ್ರಿ. ಗುಡಿ ಮುಂದ, ಹೊಂಡದ ಬಾಜೂಕ ಹೆಣ್ಮಕ್ಕಳು ಬುಟ್ಟಿ ಇಟ್ಕೊಂಡು ಕುಂತಿರ್ತಾರ. ಬುಟ್ಟಿ ಮ್ಯಾಲೆ ಬಿಳಿ ಅರಬಿ, ಅದರ ಕೆಳಗ ಜ್ವಾಳದ ರೊಟ್ಟಿ, ಸಜ್ಜಿ ರೊಟ್ಟಿ, ಒಂದು ಡಬ್ಬ್ಯಾಗ ಬದನಿಕಾಯಿ, ಇನ್ನೊಂದರಾಗ ಮಡಿಕಿ ಕಾಳು, ಕೆಂಪು ಖಾರ, ಗುರೆಳ್ಳು ಚಟ್ನಿ, ಮಣ್ಣಿನ ಗಡಿಗಿ ಮೊಸರು. ರೊಟ್ಟೀನ ಅಂಗೈ ಮ್ಯಾಲೆ ಇಟ್ಟು ಅದರ ಮ್ಯಾಲೇ ಪಲ್ಯಾ ಹಾಕಿ ಕೊಡ್ತಾರ, ತಾಟು ಕೇಳಬ್ಯಾಡ್ರಿ. ಮೊದ್ಲು ರೊಟ್ಟಿ ನಡುವಿನ ಪಲ್ಯಾ ಮುಗಸ್ರಿ, ಅಂಚಿನ ರೊಟ್ಟಿ ಮೊಸರಿನ ಜೋಡಿ ಕಡೀಕ. ಖಾರಕ್ಕ ರೂಢಿ ಇಲ್ಲದವ್ರು ಕೆಂಪು ಖಾರದ ಮ್ಯಾಲೆ ಎಣ್ಣಿ ಅಲ್ಲ, ಮೊಸರು ಹಾಕಿಸ್ಕೋರಿ. ಚಿಲ್ಲರೆ ಇಟ್ಕೋರಿ. ಮಂಗ್ಯಾ ಅದಾವ, ಕೈಚೀಲ ತೊಡಿ ಮ್ಯಾಲೆ ಇರಲಿ.

ಒಂದು ಮಾತು. ಪುಷ್ಯ ಹುಣ್ಣಿಮಿಗೆ ಬನಶಂಕರಿ ತೇರು. ಅದರ ಹಿಂದಿನ ದಿನ ಪಲ್ಲೇದ ಹಬ್ಬ, ನೂರೆಂಟು ಥರದ ಕಾಯಿಪಲ್ಯಾ ಮಾಡಿ ನೈವೇದ್ಯ. ನಾಟಕ ಕಂಪನಿಗಳು ತಿಂಗಳುಗಟ್ಲೆ ಟೆಂಟ್ ಹೊಡೀತಾವ. ನೋಡಬೇಕಂದ್ರ ಅದಕ್ಕಂತನ ಬ್ಯಾರೆ ಬರ್ರಿ, ಗುಹಾ ನೋಡೂದರ ಜೋಡಿ ಕೂಡಸಬ್ಯಾಡ್ರಿ. ಆಗ ಗಾಡಿ ನಿಲ್ಲಸಾಕ ಜಾಗಾ ಸಿಗಂಗಿಲ್ಲ.

ಗಿರಮಿಟ್ ಹುಬ್ಬಳ್ಳಿ ದುರ್ಗದಬೈಲ್‌ನ್ಯಾಗ ಸಂಜಿಕ ತಿನ್ರಿ. ಉಳ್ಳಾಗಡ್ಡಿ, ಹುಣಸಿ ಹುಳಿ, ಚೂರು ಬೆಲ್ಲಾ ಹಾಕಿ ಕುದಿಸಿದ ಗೊಜ್ಜು ಮೊದಲ ಚುರಮುರಿಗೆ ಹತ್ತಬೇಕು, ಆಮ್ಯಾಲೆ ಪುಠಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಪುಠಾಣಿ ಹಿಟ್ಟು ನೀರು ಹೀರಿಕೊಂಡು ಚುರಮುರಿ ಮೆತ್ತಗಾಗದಂಗ ತಡೀತದ, ಆದ್ರ ಐದು ನಿಮಿಷ ಅಷ್ಟ. ಅದಕ್ಕ ಪಾರ್ಸಲ್ ಕಟ್ಟಿಸಬ್ಯಾಡ್ರಿ, ಮನೀಗೆ ಹೋಗೂದರಾಗ ಉಪ್ಪಿಟ್ಟು ಆಗಿರ್ತದ. ಬಾಜೂಕ ಮಿರ್ಚಿ ಭಜಿ ಬಾಣಲಿಯಿಂದ ಇಳಿಯೂದು ನೋಡೇ ತಗೋರಿ.

ಸಾವಜಿ ಊಟ (ಖಾರದ ಮಾಂಸದೂಟ) ಯಜಮಾನ್ರಿಗೆ ಬೇಕಂದ್ರ ಬುಧವಾರ ರಾತ್ರಿ ತಿನ್ಲಿ, ಪ್ರವಾಸದ ಹಿಂದಿನ ರಾತ್ರಿ ಬ್ಯಾಡ. 'ಖಾರ ಕಮ್ಮಿ ಮಾಡ್ರಿ' ಅಂದ್ರ ಅವ್ರಿಗೆ ಆಗೂದಿಲ್ಲ, ರಸಾ ಮುಂಜಾನೆನ ಕುದಿಸಿಟ್ಟಿರ್ತಾರ. ರಸಾ ಕಮ್ಮಿ ಹಾಕಿಸ್ಕೊಂಡು ರೊಟ್ಟಿ ಜಾಸ್ತಿ ತಿನ್ನೂದೊಂದ ಉಪಾಯ.

ಪಟ್ಟದಕಲ್ಲು, ಐಹೊಳ್ಯಾಗ ಊಟದ ಆಸೆ ಇಟ್ಕೋಬ್ಯಾಡ್ರಿ. ಎಳನೀರು, ಬಿಸ್ಕೀಟು ಸಿಗ್ತಾವ.

---

ಸಪ್ತಾಪುರದವರು

ನೆಂಟರ ಮನೆಯ ಪ್ರಶ್ನೆಗೆ ಉತ್ತರ ಹೇಳ್ತೀನಿ, ಏಕೆಂದರೆ ದಕ್ಷಿಣದಿಂದ ಬಂದವರು ಎಡವುವುದು ಇಲ್ಲೇ.

ಮೊದಲನೆಯದು, ಎಷ್ಟು ಹೊತ್ತಿಗೆ ಬರ್ತೀವಿ ಅನ್ನೋದಕ್ಕಿಂತ ಯಾವ ಊಟಕ್ಕೆ ಬರ್ತೀವಿ ಅಂತ ಹಿಂದಿನ ಸಂಜೆಯೇ ಹೇಳಿ. ರೊಟ್ಟಿ ತಲೆ ಲೆಕ್ಕದಲ್ಲಿ ಬಡಿಯುವುದು. 'ಹಂಗೇ ಬಂದು ಹೋಗ್ತೀವಿ, ಏನೂ ಮಾಡಬೇಡಿ' ಅಂದರೆ ಯಾರೂ ನಂಬುವುದಿಲ್ಲ, ಇಪ್ಪತ್ತು ರೊಟ್ಟಿ ಬಡಿದು ಹೋಳಿಗೆ ಹಾಕಿ ಕಾಯ್ತಾ ಕೂತಿರ್ತಾರೆ. ಬರೀ ಚಹಾಕ್ಕೆ ಹೋಗುವ ಮನೆಯಲ್ಲೂ ಚಹಾದ ಹಿಂದೆ ಅವಲಕ್ಕಿಯೋ ಸುಸಲಾವೋ ಬರುತ್ತೆ. ಒಂದು ಸಂಜೆ ಮೂರು ಮನೆ ಇದ್ದರೆ ಮೊದಲ ಮನೆಯಲ್ಲೇ 'ಅರ್ಧ ಪ್ಲೇಟು ಇಬ್ಬರಿಗೂ' ಅಂತ ಹೇಳಿ ತಟ್ಟೆ ಹಂಚಿಕೊಳ್ಳಿ. ಗಂಡ ಹೆಂಡತಿ ಹಂಚಿಕೊಂಡು ತಿಂದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಮುಟ್ಟದೆ ಬಿಟ್ಟರೆ ಮಾಡ್ಕೊಳ್ತಾರೆ.

ಎರಡನೆಯದು ಉಡಿ. ಹೊರಡುವಾಗ ನಿಮ್ಮ ಅತ್ತೆ, ಅತ್ತಿಗೆ ಇಬ್ಬರೂ ಉಡಿ ತುಂಬದೆ ಕಳಿಸಲ್ಲ. ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಸೆರಗಿನೊಳಗೆ ಕುಪ್ಪಸದ ಕಣ, ತೆಂಗಿನಕಾಯಿ ಇಲ್ಲವೇ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಅಡಕೆ, ಎಲೆ, ಬಾಳೆಹಣ್ಣು, ಬೆಲ್ಲದ ತುಂಡು, ಮೇಲೆ ಐದು ಸಲ ಬೊಗಸೆ ಅಕ್ಕಿ. ಸೆರಗು ಎರಡೂ ಕೈಯಲ್ಲಿ ಹಿಡಿದಿರಬೇಕು, ಅಕ್ಕಿ ಕೆಳಗೆ ಚೆಲ್ಲಬಾರದು. ಆ ಹೊತ್ತಿಗೆ ಸೀರೆ ಉಟ್ಟಿದ್ದರೆ ಸಲೀಸು. ಚೂಡಿದಾರ್ ಹಾಕಿದ್ದರೆ ದೊಡ್ಡ ದುಪಟ್ಟಾ ಇರಲಿ, ಜಾರ್ಜೆಟ್ ಆದರೆ ಭಾರಕ್ಕೆ ಜಾರುತ್ತೆ, ಕಾಟನ್ ವಾಸಿ. ತುಂಬಿದ ಉಡಿಯನ್ನ ಅಲ್ಲೇ ಎದ್ದು ನಿಂತು ಪ್ಲಾಸ್ಟಿಕ್ ಚೀಲಕ್ಕೆ ಸುರಿಯಬೇಡಿ. ದೇವರ ಮುಂದೆ ಹೋಗಿ ನಮಸ್ಕಾರ ಮಾಡಿ, ಹಿರಿಯರ ಕಾಲಿಗೆರಗಿ, ಆಮೇಲೆ ಒಳಗೆ ಹೋಗಿ ಬಟ್ಟೆ ಚೀಲಕ್ಕೆ ಹಾಕಿಕೊಳ್ಳಿ.

ಒಂದೊಂದು ಮನೆಯ ಉಡಿ ಎರಡು ಕೆಜಿಗೆ ಮೋಸವಿಲ್ಲ. ಎರಡು ಬಟ್ಟೆ ಚೀಲ ಮಡಿಚಿ ತಂದಿರಿ. ರೈಲಿನಲ್ಲಿ ಬರೋದರಿಂದ ನಿಮಗೆ ತೊಂದರೆ ಇಲ್ಲ. ಹುಬ್ಬಳ್ಳಿಯಿಂದ ವಿಮಾನ ಹತ್ತುವವರಿಗೆ ಒಣಕೊಬ್ಬರಿ ತಲೆನೋವು. ಎಣ್ಣೆ ಅಂಶ ಜಾಸ್ತಿ, ಬೆಂಕಿ ಬೇಗ ಹತ್ತುತ್ತೆ ಅಂತ ತಪಾಸಣೆಯಲ್ಲಿ ತೆಗೆಸ್ತಾರೆ. ಅಂಥವರು ಕೊಬ್ಬರಿಯನ್ನ ಆ ಮನೆಯಲ್ಲೇ ತುರಿಸಿ ಹೋಳಿಗೆಗೆ ಕೊಟ್ಟು ಬರುವುದು ಒಳ್ಳೆಯದು.

ಬರುವಾಗ ಏನು ತರೋದು ಅಂತ ಕೇಳಿದ್ದೀರಿ. ಧಾರವಾಡಕ್ಕೆ ಪೇಡೆ ತರಬೇಡಿ, ಹಾಗೆ ತಂದವರೂ ಇದ್ದಾರೆ! ಮೈಸೂರುಪಾಕು, ಮಲ್ಲಿಗೆ ಹೂವು, ಹಣ್ಣು ಸಾಕು. ಕಾಫಿಪುಡಿ ಬೇಡ, ಇದು ಚಹಾದ ಸೀಮೆ, ಫಿಲ್ಟರ್ ಇಲ್ಲದ ಮನೆಯಲ್ಲಿ ಅದು ಡಬ್ಬಿಯಲ್ಲೇ ವರ್ಷ ಕಳೆಯುತ್ತೆ. ಅತ್ತೆ ವಯಸ್ಸಾದವರಾದರೆ ಉಡಿಗೆ ಎದುರಾಗಿ ನೀವೂ ಒಂದು ಸೀರೆ ಅಥವಾ ಕುಪ್ಪಸದ ಕಣ ಇಟ್ಟುಕೊಂಡಿರಿ. ಗುಳೇದಗುಡ್ಡದ ಖಣ ಆ ಕಡೆಯದೇ, ಅಲ್ಲೇ ಕೊಂಡು ಬಾಗಲಕೋಟೆಯಲ್ಲಿ ಕೊಡೋದು ಅಷ್ಟು ಸೊಗಸಲ್ಲ. ಬೆಂಗಳೂರಿಂದಲೇ ಬೇರೆ ಏನಾದರೂ ತನ್ನಿ.

ವಾಪಸ್ ತಗೊಂಡು ಹೋಗುವ ತಿಂಡಿ. ಲೈನ್ ಬಜಾರಿನ ಹಳೆ ಅಂಗಡಿಯ ಪೇಡೆ ಬೇಕಾದರೆ ಬೆಳಿಗ್ಗೆಯೇ ಹೋಗಿ, ಅವತ್ತು ಮಾಡಿದ್ದು ಅವತ್ತೇ ಖಾಲಿ. ಖೋವಾ ಕಂದು ಬಣ್ಣಕ್ಕೆ ಬರುವ ತನಕ ಹುರಿಯುವುದರಿಂದ ನೀರಿನಂಶ ಹೋಗಿರುತ್ತೆ, ಹೊರಗೇ ಐದಾರು ದಿನ ತಡೆಯುತ್ತೆ. ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಇಟ್ಟರೆ ಮೇಲಿನ ಸಕ್ಕರೆ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಮನೆಯವರು ಹೋಳಿಗೆ ಕಟ್ಟಿಕೊಡ್ತೀವಿ ಅಂದರೆ ಶೇಂಗಾ ಹೋಳಿಗೆ ಕೇಳಿ, ಹೂರಣದ ಹೋಳಿಗೆ ಬೇಡ. ಬೇಯಿಸಿದ ಬೇಳೆಯ ಹೂರಣ ಮರುದಿನ ಹುಳಿ ಬರುತ್ತೆ. ಶೇಂಗಾದ ಹೂರಣ ಹುರಿದ ಪುಡಿ, ಬೆಲ್ಲ, ಎಳ್ಳು ಅಷ್ಟೇ, ನೀರಿನ ಪಸೆ ಇಲ್ಲ, ವಾರಕ್ಕೂ ಮೇಲೆ ಇರುತ್ತೆ. ಪೂರ್ತಿ ಆರುವ ಮುಂಚೆ ಡಬ್ಬಿ ಮುಚ್ಚಿದರೆ ಮಾತ್ರ ಬೆವತು ಬೂಸ್ಟು ಹಿಡಿಯುತ್ತೆ. ಖಡಕ್ ರೊಟ್ಟಿಯನ್ನ ನಿಲ್ಲಿಸಿ ಇಡಬೇಡಿ, ಸ್ಟೀಲ್ ಡಬ್ಬಿಯಲ್ಲಿ ಮಲಗಿಸಿ ಮೇಲೆ ಟವೆಲ್ ತುರುಕಿ, ಅಲುಗಾಡದಿದ್ದರೆ ಮುರಿಯಲ್ಲ.

---

ಕೆಂಗೇರಿ ಕಡೆಯವಳು

ಬಹಳ ಉಪಕಾರವಾಯ್ತು. ಶುಕ್ರವಾರ, ಶನಿವಾರ ನೀವು ಹೇಳಿದಂತೆಯೇ ಬದಲಾಯಿಸಿದ್ವಿ. ಈಗ ಅತ್ತಿಗೆ ಫೋನ್ ಮಾಡಿ 'ಸೋಮವಾರ ಎಳ್ಳಮಾಸಿ, ಹೊಲಕ್ಕ ಬಂದ ಹೋಗ್ರಿ' ಅಂತಿದ್ದಾರೆ (ಎಳ್ಳು ಅಮಾವಾಸ್ಯೆ). ವಿಜಯಪುರದಿಂದ ಸೋಮವಾರ ಸಂಜೆಯ ಗೋಳಗುಮ್ಮಟ ಎಕ್ಸ್‌ಪ್ರೆಸ್ ಟಿಕೆಟ್ ಆಗಿದೆ. ಎರಡೂ ಆಗುತ್ತಾ? ಇನ್ನೊಂದು, ಮಂಡಿನೋವಿನವರು ಗೋಳಗುಮ್ಮಟ ಹತ್ತಬಹುದಾ?

---

ಎರಡನೇ ಪ್ಲಾಟ್‌ಫಾರಂ

ಆಗುತ್ತೆ. ವಿಜಯಪುರವನ್ನ ಭಾನುವಾರಕ್ಕೆ ಎಳೆದುಕೊಳ್ಳಿ: ಬಾಗಲಕೋಟೆಯಿಂದ 80 ಕಿಲೋಮೀಟರ್, ಆರೂವರೆಗೆ ಹೊರಟು ಸಂಜೆ ಬೆಳಕಿರುವಾಗಲೇ ವಾಪಸ್. ಕೂಡಲಸಂಗಮಕ್ಕೆ ಬೇರೆ ದಿಕ್ಕು, ಅದನ್ನ ಶನಿವಾರ ಐಹೊಳೆ ಕಡೆಯಿಂದ ಬರುವಾಗ ಸೇರಿಸೋದಾದರೆ ಐಹೊಳೆಯನ್ನ ಹತ್ತರೊಳಗೆ ಮುಗಿಸಬೇಕು, ಇಲ್ಲದಿದ್ದರೆ ಬಿಡಿ.

ಸೋಮವಾರ ಹೊಲದ ಊಟ ಮುಗಿಸಿ ಬಾಗಲಕೋಟೆಯಲ್ಲೇ ರೈಲು ಹತ್ತಬಹುದು. ನಿಮ್ಮ ರೈಲು ವಿಜಯಪುರ ಬಿಟ್ಟು ಬಾಗಲಕೋಟೆ, ಬಾದಾಮಿ, ಗದಗ, ಹುಬ್ಬಳ್ಳಿ ಮೇಲೇ ಬೆಂಗಳೂರಿಗೆ ಬರೋದು. ಹೊಸ ಟಿಕೆಟ್ ಬೇಕಿಲ್ಲ, ಬುಕ್ ಮಾಡಿದ ಖಾತೆಯಲ್ಲೇ ಹತ್ತುವ ನಿಲ್ದಾಣ ಬದಲಾಯಿಸುವ ಆಯ್ಕೆ ಇದೆ. ಭಾನುವಾರ ಬೆಳಿಗ್ಗೆಯೊಳಗೆ ಮಾಡಿಬಿಡಿ, ಚಾರ್ಟ್ ಆಗುವ ತನಕ ಕಾಯಬೇಡಿ. ಮಾಡಿದ ಮೇಲೆ ವಿಜಯಪುರದಲ್ಲಿ ಹತ್ತುವ ಹಕ್ಕು ಹೋಗುತ್ತೆ, ಅಷ್ಟು ನೆನಪಿರಲಿ. ಮಾಡದೆ ಸುಮ್ಮನೆ ಬಾಗಲಕೋಟೆಯಲ್ಲಿ ಹತ್ತಿದರೆ ಟಿಟಿಇ ಅಷ್ಟು ಹೊತ್ತಿಗೆ ನಿಮ್ಮ ಬರ್ತನ್ನ ಬೇರೆಯವರಿಗೆ ಕೊಟ್ಟಿರಬಹುದು.

ಈ ಥ್ರೆಡ್ ನೋಡಿ ಟಿಕೆಟ್ ಮಾಡುವವರಿಗೆ: ಬಾಗಲಕೋಟೆ–ಬೆಂಗಳೂರು ಅಂತ ಹುಡುಕಿದರೆ ಬಸವ ಎಕ್ಸ್‌ಪ್ರೆಸ್ಸೂ ಬರುತ್ತೆ. ಅದು ವಿಜಯಪುರ, ಕಲಬುರಗಿ, ರಾಯಚೂರು ಅಂತ ಪೂರ್ವಕ್ಕೆ ದೊಡ್ಡ ಸುತ್ತು ಹಾಕಿ ಹೋಗುವ ಗಾಡಿ. ಬರ್ತ್ ಖಾಲಿ ಇದೆ ಅಂತ ಕಣ್ಣುಮುಚ್ಚಿ ಒತ್ತಬೇಡಿ, ತಲುಪುವ ಸಮಯ ನೋಡಿ.

ಇನ್ನೆರಡು ಚಿಕ್ಕ ಮಾತು. ವಂದೇ ಭಾರತ್‌ನಲ್ಲಿ ಬುಕ್ ಮಾಡುವಾಗ ಊಟ ಬೇಡ ಅಂತ ಗುರುತು ಹಾಕಿದರೆ ದರವೂ ಇಳಿಯುತ್ತೆ, ಅತ್ತೆ ಮನೆ ಊಟಕ್ಕೆ ಹೊಟ್ಟೆಯೂ ಉಳಿಯುತ್ತೆ. ಹುಬ್ಬಳ್ಳಿಯಲ್ಲಿ ಇಳಿದು ಹತ್ತುವ ಕೆಲಸ ಇದ್ದರೆ ಮೊದಲೇ ಕೋಚ್ ಎಲ್ಲಿ ನಿಲ್ಲುತ್ತೆ ಅಂತ ಕೇಳಿಕೊಳ್ಳಿ. ಅಲ್ಲಿನ ಉದ್ದದ ಪ್ಲಾಟ್‌ಫಾರಂ 1507 ಮೀಟರ್, ಪ್ರಪಂಚದಲ್ಲೇ ಉದ್ದದ್ದು. ಮಂಡಿನೋವು ಇಟ್ಟುಕೊಂಡು ಈ ತುದಿಯಿಂದ ಆ ತುದಿಗೆ ಉಡಿ ಚೀಲ ಹೊತ್ತು ನಡೆಯೋದು ಗೋಳಗುಮ್ಮಟ ಹತ್ತಿದಷ್ಟೇ ಕಷ್ಟ.

---

ತಿರುಗುತಿಪ್ಪ

ಮಂಡಿಯ ಲೆಕ್ಕ.

ಗೋಳಗುಮ್ಮಟದ ಮೂಲೆಯ ಗೋಪುರಗಳೊಳಗೆ ಏಳು ಅಂತಸ್ತಿನ ಮೆಟ್ಟಿಲು. ಇಕ್ಕಟ್ಟು, ಒಂದೊಂದು ಮೆಟ್ಟಿಲೂ ಎತ್ತರ, ಹತ್ತುವವರೂ ಇಳಿಯುವವರೂ ಅದೇ ದಾರಿಯಲ್ಲಿ. ನೋವು ಜೋರಾಗುವುದು ಹತ್ತುವಾಗ ಅಲ್ಲ, ಇಳಿಯುವಾಗ. ಹತ್ತಿದರೆ ಮಾತ್ರ ಪಿಸುಗುಟ್ಟುವ ಗ್ಯಾಲರಿ ಸಿಗೋದು. ಹೋಗಲೇಬೇಕು ಅನ್ನಿಸಿದರೆ ಬಾಗಿಲು ತೆರೆದ ಹೊತ್ತಿಗೇ ಹೋಗಿ. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ತಿಂಗಳು, ಒಂದು ಬಸ್ಸಿನ ಮಕ್ಕಳು ಮೇಲೆ ಬಂದು ಕೂ ಹೊಡೆದರೆಂದರೆ ಅದು ಮತ್ತೆ ಮತ್ತೆ ಮೊಳಗಿ ಪಕ್ಕದವರ ಮಾತೂ ಕೇಳಿಸಲ್ಲ. ಜನ ಇಲ್ಲದಾಗ ಒಬ್ಬರು ಈ ಕಡೆ, ಇನ್ನೊಬ್ಬರು ನೇರ ಎದುರು ಕಡೆ ಕೂತು, ಗೋಡೆಗೆ ಮುಖ ಮಾಡಿ ಪಿಸುಮಾತಿನಲ್ಲಿ ಹೇಳಿ. ದನಿ ಗೋಡೆಗುಂಟ ಹರಿದು ಆ ಕಡೆ ಕಿವಿಯ ಪಕ್ಕದಲ್ಲೇ ಆಡಿದಂತೆ ಬರುತ್ತೆ. ನಡುವಿನ ಬಯಲಿಗೆ ಮುಖ ಮಾಡಿ ಗಟ್ಟಿಯಾಗಿ ಕೂಗುವವರಿಗೆ ಬರೀ ಗದ್ದಲ ಸಿಗುತ್ತೆ. ಹತ್ತಲಾಗದಿದ್ದರೆ ಕೆಳಗೆ ನಿಂತು ಗುಮ್ಮಟದ ಒಳಮೈ ನೋಡಿ, ಪಕ್ಕದ ಮ್ಯೂಸಿಯಂಗೆ ಹೋಗಿ (ನೀವು ಮಹಾಕೂಟದಲ್ಲಿ ನೋಡಲಾಗದ, ಚಾಲುಕ್ಯ ದೊರೆ ಮಂಗಲೇಶನ ಶಾಸನಸ್ತಂಭ ಇಲ್ಲಿದೆ), ಆಮೇಲೆ ಇಬ್ರಾಹಿಂ ರೋಜಾ. ಕೆತ್ತನೆಗೆ ರೋಜಾನೇ ಮೇಲು, ಮೆಟ್ಟಿಲೂ ನಾಲ್ಕಾರು.

ಬಾದಾಮಿಯಲ್ಲಿ ಒಂದನೇ ಗುಹೆ ಮೆಟ್ಟಿಲ ಮೊದಲಲ್ಲೇ ಸಿಗುತ್ತೆ, ಹದಿನೆಂಟು ಕೈಯ ನಟರಾಜ ಅಲ್ಲೇ ಬಲಕ್ಕೆ. ಎರಡರಲ್ಲಿ ಕೂತು ದಣಿವಾರಿಸಿಕೊಂಡು ಮೂರನೆಯದಕ್ಕೆ ಹೋಗಿ, ಅದೇ ದೊಡ್ಡದು. ಮಂಗಲೇಶನ 578ರ ಶಾಸನ ಇರೋದೂ ಅಲ್ಲಿ. ನಾಲ್ಕನೆಯ ಜೈನ ಗುಹೆ ಮೂರರ ಪಕ್ಕದಲ್ಲೇ. ಎದುರಿನ ಬಡಗಣ ಕೋಟೆಯ ಶಿವಾಲಯಗಳಿಗೆ ಹೋಗೋ ಸೀಳುದಾರಿ ಕಡಿದು, ಅದನ್ನ ನೀವು ಬಿಡಿ. ಯಜಮಾನ್ರು ಹತ್ತಿ ಬರಲಿ, ನೀವು ಅಷ್ಟು ಹೊತ್ತು ಕೆರೆ ದಂಡೆಯಲ್ಲಿರಿ. ಊರಿನ ಹೆಂಗಸರು ಅರಿವೆ ಒಗೆಯುವ ಸದ್ದು ಬಂಡೆಗೆ ಬಡಿದು ವಾಪಸ್ ಬರೋದನ್ನ ಕೇಳ್ತಾ ಕೂರೋದೂ ಚೆಂದವೇ.

ಐಹೊಳೆಯ ಮೇಗುತಿ ಗುಡ್ಡಕ್ಕೆ ಇಬ್ಬರಲ್ಲಿ ಒಬ್ಬರು ಹೋದರೂ ಸಾಕು. ರವಿಕೀರ್ತಿಯ 634ರ ಶಾಸನ ಗುಡಿಯ ಹೊರಗೋಡೆಯಲ್ಲಿದೆ. ಕಾಳಿದಾಸ, ಭಾರವಿಯರ ಹೆಸರು ಅದರಲ್ಲಿದೆ. ಪಟ್ಟದಕಲ್ಲು ಪೂರ್ತಿ ಸಮತಟ್ಟು, ಹುಲ್ಲುಹಾಸು, ನಿಮಗೆ ಏನೂ ತೊಂದರೆ ಇಲ್ಲ. ಅಲ್ಲಿ ವಿರೂಪಾಕ್ಷ, ಮಲ್ಲಿಕಾರ್ಜುನ ಎರಡನ್ನೂ ಒಂದರ ಪಕ್ಕ ಒಂದು ಹೋಲಿಸಿ ನೋಡಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ದೊಡ್ಡದನ್ನ ರಾಣಿ ಲೋಕಮಹಾದೇವಿ ಕಟ್ಟಿಸಿದಳು, ಪಕ್ಕದ್ದನ್ನ ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. ಗಂಡನ ಗೆಲುವು ಒಂದೇ, ಗುಡಿ ಎರಡು. ಅಕ್ಕನದಕ್ಕಿಂತ ತಂಗಿಯದು ಒಂದು ಅಳತೆ ಚಿಕ್ಕದು, ಗೈಡುಗಳು ಇದನ್ನ ಹೇಳದೆ ಬಿಡಲ್ಲ.

---

ಖಡಕ್ ರೊಟ್ಟಿ

ಎಳ್ಳಮಾಸಿ ಬಿಡಬ್ಯಾಡ್ರಿ ಅಕ್ಕಾರ, ಗುಮ್ಮಟ ಎಲ್ಲೂ ಹೋಗಂಗಿಲ್ಲ.

ಮುಂಜಾನೆ ಒಂಬತ್ತಕ್ಕ ಬುಟ್ಟಿ ತುಂಬಿ ಹೊಲಕ್ಕ ಹೊಂಡ್ತಾರ. ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ರೊಟ್ಟಿ, ಸಜ್ಜಿ ಕಡಬು, ಶೇಂಗಾ ಹೋಳಗಿ, ಪುಂಡಿ ಪಲ್ಯಾ, ಎಲ್ಲಾ ಕಾಳು ಎಲ್ಲಾ ಸೊಪ್ಪು ಕೂಡಿಸಿದ ಭಜ್ಜಿ ಪಲ್ಯಾ. ಬನ್ನಿ ಗಿಡದ ಬುಡಕ ಇಲ್ಲಾ ಬದುವಿನ ಮ್ಯಾಲೆ ಐದು ಕಲ್ಲು ಇಟ್ಟು ಪಾಂಡವ್ರು ಅಂತ ಪೂಜಿ ಮಾಡಿ, ಎಲ್ಲಾ ಅಡಗಿ ಚೂರು ಚೂರು ಕಲಸಿ ಹೊಲದ ತುಂಬ ಚೆಲ್ತಾರ. ಅದಕ್ಕ ಚರಗಾ ಚೆಲ್ಲೂದು ಅಂತಾರ. ಗಂಡಸ್ರು ಚೆಲ್ಲಕೋತ ಹೋಗ್ತಾರ, ಹಿಂದ ಒಬ್ರು ನೀರು ಹಾಕ್ಕೋತ ಹೋಗ್ಬೇಕು. ಯಜಮಾನ್ರಿಗೆ ತಂಬಿಗಿ ಕೊಡ್ತಾರ, ಇಲ್ಲ ಅನಬಾರದು.

ಹೊಲ ಅಂದ್ರ ಎರಿ ಮಣ್ಣು, ಬಿರುಕು ಬಿಟ್ಟಿರ್ತದ. ಹೀಲ್ಸು, ಜಾರೂ ಚಪ್ಪಲಿ ಎರಡೂ ಬ್ಯಾಡ. ಬಿರುಕಿನ್ಯಾಗ ಕಾಲು ಸಿಕ್ಕು ಮಂಡಿ ತಿರುಚಿದ್ರ ಮುಂದಿನ ಪ್ರವಾಸ ದವಾಖಾನಿಗೆ. ಹಿಂದ ಪಟ್ಟಿ ಇದ್ದ ಚಪ್ಪಲಿ ಹಾಕ್ರಿ, ಕುಂದ್ರಾಕ ಜಮಖಾನಿ ಒಯ್ತಾರ. ನೆಲಕ್ಕ ಕುಂದ್ರಾಕ ಆಗಂಗಿಲ್ಲ ಅಂದ್ರ ಅತ್ತಿಗಿಯವ್ರಿಗೆ ಮೊದ್ಲ ಹೇಳ್ರಿ, ಒಂದು ಪ್ಲಾಸ್ಟಿಕ್ ಕುರ್ಚಿ ಟ್ರ್ಯಾಕ್ಟರ್‌ನ್ಯಾಗ ಹಾಕ್ಕೊಂಡ ಬರ್ತಾರ.

ಜ್ವಾಳ ಹಾಲುದೆನಿಗೆ ಬಂದಿದ್ರ ಸೀತನಿ ಕೇಳ್ರಿ. ತೆನಿ ಇನ್ನೂ ಹಸರ ಇರಬೇಕು, ಕಾಳು ಉಗುರಲೆ ಒತ್ತಿದ್ರ ಹಾಲು ಬರಬೇಕು. ನೆಲದಾಗ ಕುಣಿ ತೋಡಿ ಕುಳ್ಳಿನ ಬೆಂಕಿ ಮಾಡಿ, ಉರಿ ಇಳದು ಕೆಂಡ ಆದಮ್ಯಾಲೆ ತೆನಿ ಬೂದ್ಯಾಗ ಹುಗೀತಾರ. ಉರಿಯಾಗ ಇಟ್ರ ಮ್ಯಾಲೆ ಸುಟ್ಟು ಒಳಗ ಹಸಿ ಉಳೀತದ. ಬಿಸಿ ಇದ್ದಾಗನ ಗೋಣಿಚೀಲದ ಮ್ಯಾಲೆ ಕೋಲಲೆ ಬಡದು, ಮರದಾಗ ಕೇರಿ, ಶೇಂಗಾ ಚಟ್ನಿ, ಬೆಲ್ಲಾ, ಮೊಸರಿನ ಜೋಡಿ ತಿನ್ಬೇಕು. ಆರಿತಂದ್ರ ಕಾಳು ಬಿರಸ ಆಗ್ತದ, ಬೆಂಗಳೂರಿಗೆ ಕಟ್ಟಿಸ್ಕೊಂಡ ಹೋಗಿ ಉಪಯೋಗಿಲ್ಲ. ಆ ಹೊತ್ತಿಗೆ ಕಾಳು ಗಟ್ಟಿ ಆಗಿದ್ರ ಕಡ್ಲಿ ಗಿಡದ ಸುಲಗಾಯಿ ಸುಟ್ಟು ಕೊಡ್ತಾರ, ಅದೂ ಚೊಲೋನ.

ನಾಕರ ಒಳಗ ಹೊಲಾ ಬಿಡ್ರಿ, ಸ್ಟೇಶನ್ನಿಗೆ ಹೋಗೂಕಿಂತ ಮೊದ್ಲ ಮನ್ಯಾಗ ಉಡಿ ತುಂಬೂದು ಇನ್ನೂ ಬಾಕಿ ಇರ್ತದ.